ಐಗಳಿ ರಸ್ತೆಯಲ್ಲಿ ಮುರಿದ ಚಾಸಿ

ನನ್ನ ಹೆಸರು ಸುಗಂಧಾ, ಗಂಡ ನೇಮಿನಾಥ ಶೇಡಬಾಳೆ. ವಯಸ್ಸು 47 ವರ್ಷ. ಉದ್ಯೋಗ: ಕಬ್ಬು ಮತ್ತು ಕಾಯಿಪಲ್ಲೆ ಸಸಿಗಳ ನರ್ಸರಿ. ವಾಸ: ಉಗಾರ ಖುರ್ದ, ತಾಲೂಕು ಕಾಗವಾಡ, ಜಿಲ್ಲೆ ಬೆಳಗಾವಿ. ದಿನಾಂಕ 07-02-2025ರಂದು ಬೆಳಿಗ್ಗೆ 11 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ತನಿಖಾಧಿಕಾರಿಗಳ ಮುಂದೆ ಕುಳಿತು ಹೇಳಿ ಬರೆಸುತ್ತಿರುವುದು ಏನೆಂದರೆ:

ನಾನು ಮತ್ತು ನನ್ನ ಗಂಡ ನಮ್ಮ ಸ್ವಂತ ಜಮೀನಿನಲ್ಲಿ ನರ್ಸರಿ ನಡೆಸುತ್ತೇವೆ. ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ರೈತರ ಹೊಲಗಳಿಗೆ ಮುಟ್ಟಿಸುತ್ತೇವೆ. ಇದಕ್ಕಾಗಿ 2015ರಲ್ಲಿ ಚಿಕ್ಕೋಡಿಯ ಶೋರೂಮಿನಿಂದ ಹೊಸ ಪಿಕಪ್ ಗಾಡಿ ತಂದಿದ್ದೆವು. ಗಾಡಿ ನನ್ನ ಹೆಸರಿನಲ್ಲಿದೆ. ಕಳೆದ ಆರು ವರ್ಷಗಳಿಂದ ಅದನ್ನು ನಮ್ಮೂರಿನ ಬೀರದೇವ, ವಯಸ್ಸು 34, ಓಡಿಸುತ್ತಿದ್ದಾರೆ. ಅವರ ಹೆಂಡತಿ ಕೆಂಚವ್ವ ನಮ್ಮ ನರ್ಸರಿಯಲ್ಲಿಯೇ ಟ್ರೇ ತುಂಬುವ ಕೆಲಸ ಮಾಡುತ್ತಾರೆ. ಬೀರದೇವ ಕುಡಿಯುವವರಲ್ಲ. ಈ ಮಾತನ್ನು ಇಲ್ಲಿಯೇ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ.

2023ರ ಮಳೆಗಾಲ ಮುಗಿದ ಮೇಲೆ ಬೀರದೇವ ಗಾಡಿಯನ್ನು ತೊಳೆಯುವಾಗ ನನ್ನನ್ನು ಕೂಗಿ ಕರೆದರು. ಗಾಡಿಯ ಕೆಳಗಿನ ಚಾಸಿ, ಅಂದರೆ ಎಂಜಿನ್ನು, ಕ್ಯಾಬಿನ್ನು, ಹಿಂದಿನ ತೊಟ್ಟಿ ಎಲ್ಲವನ್ನೂ ಹೊತ್ತಿರುವ ಉದ್ದನೆಯ ಉಕ್ಕಿನ ಚೌಕಟ್ಟು, ಒಂದು ಕಡೆ ಉಬ್ಬಿತ್ತು. ಜ್ಯಾಕಿನ ಹಿಡಿಕೆಯಿಂದ ಮೆಲ್ಲಗೆ ಬಡಿದರೆ ತುಕ್ಕು ಹಪ್ಪಳದಂತೆ ಪದರು ಪದರಾಗಿ ಉದುರಿತು. ಮರುದಿನವೇ ಗಾಡಿಯನ್ನು ಶೋರೂಮಿಗೆ ಒಯ್ದೆವು. ಅಲ್ಲಿಯ ವರ್ಕ್‌ಶಾಪಿನ ಮ್ಯಾನೇಜರ್ ಸಂಗ್ರಾಮ ಎಂಬುವರು ಅದು ಮೇಲಿನ ತುಕ್ಕು ಮಾತ್ರ ಎಂದರು. ಕಪ್ಪು ಬಣ್ಣ ಹೊಡೆಸಿ ಕಳುಹಿಸಿದರು. ಬಣ್ಣ ಹೊಡೆದ ಮೇಲೆ ಚಾಸಿ ಹೊಸದರಂತೆ ಕಂಡಿತು.

2024ರ ಜೂನ್ ತಿಂಗಳಲ್ಲಿ ಅದೇ ಜಾಗದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಬಿತ್ತು. ಕ್ಯಾಬಿನ್ನಿನ ಹಿಂದೆ, ಚಾಸಿ ಹಿಂದಿನ ಚಕ್ರದ ಮೇಲೆ ಏರಲು ಬಾಗುತ್ತದಲ್ಲ, ಆ ಜಾಗ. ಮತ್ತೆ ಶೋರೂಮಿಗೆ ಹೋದೆವು. ಸಂಗ್ರಾಮರು, ‘ನೀವು ಸಸಿಗೆ ನೀರ ಹೊಡಿತೀರಿ ಅಕ್ಕಾರ. ಆ ನೀರ ಸೋರಿ ಚಾಸಿ ತಿಂತೈತಿ. ಇದಕ್ಕ ಕಂಪನಿ ಏನ್ ಮಾಡಬೇಕ್ರಿ?’ ಎಂದು ಕೇಳಿದರು.

ಆಗ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಒಬ್ಬರು ಎದ್ದು ಬಂದರು. ಅವರು ನಿಪ್ಪಾಣಿ ತಾಲೂಕು ಭೋಜ ಗ್ರಾಮದ ರಾವಸಾಹೇಬ. ಅವರದೂ ಅದೇ ಮಾದರಿಯ ಗಾಡಿ, ಅದೇ ವರ್ಷದ್ದು. ಅವರು ಸಂಗ್ರಾಮರಿಗೆ, ‘ನಾ ಒಣಾ ತಂಬಾಕು ಹೇರಾಂವ. ಒಂದ ಹನಿ ನೀರ ಬಿದ್ರ ಮಾಲ ಕೆಡತೈತಿ. ನನ್ನ ಚಾಸಿ ಯಾವ ನೀರ ತಿಂತ್ರಿ?’ ಎಂದರು. ಸಂಗ್ರಾಮರು ಅವರಿಗೆ ತಂಬಾಕಿನ ಧೂಳಿನಿಂದ ತುಕ್ಕು ಹಿಡಿಯುತ್ತದೆ ಎಂದು ತಿಳಿಸಿದರು. ಅಲ್ಲಿಯೇ ರಾಯಬಾಗದ ಮನೀಷಾ ಎಂಬುವರಿದ್ದರು. ಅವರು ಅದೇ ಮಾದರಿಯ ಗಾಡಿಯಲ್ಲಿ ಬೇಕರಿಯ ಪಾವು, ಬಿಸ್ಕೀಟು ಸಾಗಿಸುವವರು. ಗಾಡಿ ತೊಳೆಯುವುದು ಕಡಿಮೆಯಾಗಿದ್ದರಿಂದ ತುಕ್ಕು ಬಂದಿದೆ ಎಂದು ಅವರಿಗೆ ಹೇಳಿ ಕಳುಹಿಸಿದ್ದರಂತೆ. ನನಗೆ ನೀರು ಹೆಚ್ಚಾಯಿತು, ಅವರಿಗೆ ಕಡಿಮೆಯಾಯಿತು.

ನಾವು ಮೂವರೂ ಹೊರಗೆ ಬಂದೆವು. ನಾನು ಸೀರೆ ಎತ್ತಿ ಕಟ್ಟಿ ಒಂದೊಂದೇ ಗಾಡಿಯ ಕೆಳಗೆ ತಲೆ ಹಾಕಿ ನೋಡಿದೆ. ಮೂರೂ ಗಾಡಿಗಳಲ್ಲಿ ತೂತು ಒಂದೇ ಜಾಗದಲ್ಲಿತ್ತು. ರಾವಸಾಹೇಬರು ಮೊಬೈಲಿನಲ್ಲಿ ಫೋಟೋ ತೆಗೆದರು. ಶೋರೂಮಿನವರು ನಮ್ಮನ್ನು ಗಾಜಿನ ಒಳಗಿನಿಂದ ನೋಡುತ್ತಿದ್ದರು, ಹೊರಗೆ ಬರಲಿಲ್ಲ.

ನಾನು ಚಾಸಿಯನ್ನೇ ಬದಲಿಸಿ ಕೊಡಬೇಕೆಂದು ಕೇಳಿದೆ. ಆ ಮಾದರಿಯ ಚಾಸಿ ಈಗ ಬರುವುದೇ ಇಲ್ಲ, ಕಂಪನಿ ತಯಾರಿಸುವುದನ್ನು ಬಿಟ್ಟಿದೆ ಎಂದು ಸಂಗ್ರಾಮರು ಹೇಳಿದರು. ತೂತಿನ ಮೇಲೆ ಕಬ್ಬಿಣದ ಪಟ್ಟಿ ಬೆಸೆದು, ಮತ್ತೆ ಕಪ್ಪು ಬಣ್ಣ ಹೊಡೆದು ಕೊಟ್ಟರು. ಈ ಗಾಡಿ ಓಡಿಸಬಹುದೋ ಇಲ್ಲವೋ ಎಂದು ನಾನು ನೇರವಾಗಿ ಕೇಳಿದ್ದಕ್ಕೆ, ‘ಆರಾಮ ಓಡಸ್ರಿ. ಇನ್ನ ಐದ ವರ್ಷ ಅದರ ಕಡೆ ನೋಡೂದ ಬ್ಯಾಡ’ ಎಂದರು. ಬೀರದೇವ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದಾರೆ.

ಆಮೇಲೆ ನಾವು ಮೂವರೂ ಕಂಪನಿಯ ದೂರಿನ ನಂಬರಿಗೆ ಫೋನು ಮಾಡುತ್ತಾ ಬಂದೆವು. ಪ್ರತಿ ಸಲವೂ ಬೇರೆಯವರು ಮಾತನಾಡಿದರು, ಪ್ರತಿ ಸಲವೂ ನಾನು ಮೊದಲಿನಿಂದ ಹೇಳಬೇಕಾಯಿತು. ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಹೇಳಿದ್ದೇನೆ. ಕೊನೆಗೆ ದೀಪಾವಳಿಯ ಹೊತ್ತಿಗೆ ನಿಮ್ಮ ಸಮಸ್ಯೆ ಬಗೆಹರಿದಿದೆ, ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಮೂವರಿಗೂ ಒಂದೇ ಸಂದೇಶ ಬಂತು. ರಾವಸಾಹೇಬರು ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದರು.

ದಿನಾಂಕ 03-02-2025, ಸೋಮವಾರ. ಬೆಳಿಗ್ಗೆ 9 ಗಂಟೆಗೆ ಐಗಳಿಯ ರೈತರೊಬ್ಬರಿಗೆ ಕೊಡಲು ಕಬ್ಬಿನ ಸಸಿಯ ಟ್ರೇಗಳನ್ನು ಹೇರಿಕೊಂಡು ಹೊರಟೆವು. ಬೀರದೇವ ಓಡಿಸುತ್ತಿದ್ದರು, ನಾನು ಅವರ ಎಡಕ್ಕೆ ಕುಳಿತಿದ್ದೆ. ಹೆಚ್ಚು ಭಾರ ಹೇರಿದ್ದೆವು ಎಂದು ಈಗ ಕೆಲವರು ಹೇಳುತ್ತಿದ್ದಾರೆ. ತೆಂಗಿನ ನಾರಿನ ಪುಡಿಯಲ್ಲಿ ಬೆಳೆದ ಗೇಣುದ್ದ ಸಸಿಗಳವು. ಒಂದು ಟ್ರೇಯನ್ನು ಒಂದೇ ಕೈಯಲ್ಲಿ ಎತ್ತಬಹುದು. ಗಾಡಿ ಹೊರುವ ಭಾರದ ಅರ್ಧವೂ ತುಂಬಿರಲಿಲ್ಲ.

ಅಥಣಿ ದಾಟಿ, ಐಗಳಿ ಇನ್ನು ಸುಮಾರು ನಾಲ್ಕು ಕಿ.ಮೀ. ಇರುವಾಗ, ಸುಮಾರು 10-40ಕ್ಕೆ, ರಸ್ತೆಯಲ್ಲಿ ಒಂದು ಸಣ್ಣ ತಗ್ಗು ಬಂತು. ಬೀರದೇವ ಗಾಡಿಯನ್ನು ನಿಧಾನ ಮಾಡಿಯೇ ಇಳಿಸಿದರು. ನಮ್ಮ ಬೆನ್ನ ಹಿಂದೆ ಒಮ್ಮೆ ಗಟ್ಟಿಯಾದ ಸದ್ದಾಯಿತು. ಹಿಂದಿನ ತೊಟ್ಟಿ ಒಂದು ಕಡೆಗೆ ವಾಲಿ, ಕ್ಯಾಬಿನ್ನಿನ ಮೂತಿ ಮೇಲಕ್ಕೆ ಎದ್ದಿತು. ಗಾಡಿ ಬಲಕ್ಕೆ ಎಳೆಯತೊಡಗಿತು. ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು. ಬೀರದೇವ ಸ್ಟೇರಿಂಗನ್ನು ಎರಡೂ ಕೈಗಳಿಂದ ಎಡಕ್ಕೆ ತಿರುಗಿಸುತ್ತಾ, ಜೋರಾಗಿ ಅಲ್ಲ, ಸಾದಾ ದನಿಯಲ್ಲಿಯೇ, ‘ಅಕ್ಕಾ, ಗಾಡಿ ನನ್ನ ಮಾತ ಕೇಳವಲ್ದು’ ಎಂದರು. ಟ್ರ್ಯಾಕ್ಟರ್ ನಮ್ಮ ಪಕ್ಕದಲ್ಲಿ ಒಂದು ಮೊಳದ ಅಂತರದಲ್ಲಿ ದಾಟಿತು. ನಮ್ಮ ಗಾಡಿ ಎಡಗಡೆಯ ತಗ್ಗಿಗೆ ಇಳಿದು, ಅಲ್ಲಿ ತಿರುಗಿ ಚಾಲಕರ ಬದಿಯಿಂದ ಜಾಲಿಯ ಮರಕ್ಕೆ ಬಡಿಯಿತು.

ನನಗೆ ಹಣೆಯ ಮೇಲೆ ಪೆಟ್ಟಾಯಿತು. ಬೀರದೇವರ ಬಲಗಾಲು ಒಳಗೆ ಸಿಕ್ಕಿಕೊಂಡಿತ್ತು. ಟ್ರ್ಯಾಕ್ಟರಿನವರು ಮತ್ತು ಹೊಲದಲ್ಲಿದ್ದ ಜನ ಬಂದು ಹಾರೆಯಿಂದ ಬಾಗಿಲು ಕಿತ್ತು ಅವರನ್ನು ಹೊರಗೆ ತೆಗೆದರು. ಅವರನ್ನು ಮಲಗಿಸಿದ ಜಾಗದಿಂದ ನನಗೆ ಗಾಡಿಯ ಕೆಳಭಾಗ ಕಾಣುತ್ತಿತ್ತು. ಚಾಸಿಯು ಬೆಸೆದಿದ್ದ ಪಟ್ಟಿಯ ಪಕ್ಕದಲ್ಲಿಯೇ ಎರಡು ತುಂಡಾಗಿತ್ತು. ಒಳಗೆ ಉಕ್ಕು ಉಳಿದಿರಲಿಲ್ಲ. ಕೆಂಪು ಪುಡಿ ಸಸಿಗಳ ಮೇಲೆ ಬಿದ್ದಿತ್ತು.

ಬೀರದೇವರನ್ನು ಮಿರಜದ ಆಸ್ಪತ್ರೆಗೆ ಸೇರಿಸಿದೆವು. ಸೊಂಟದ ಎಲುಬು ಮತ್ತು ತೊಡೆಯ ಎಲುಬು ಮುರಿದಿವೆ. ನನ್ನ ಹಣೆಗೆ ಹೊಲಿಗೆ ಹಾಕಿಸಿಕೊಂಡು ನಾನೂ ಅಲ್ಲಿಯೇ ಇದ್ದೆ. ಆದ್ದರಿಂದ ಆ ದಿನ ನನ್ನ ಹೇಳಿಕೆ ಆಗಲಿಲ್ಲ. ಟ್ರ್ಯಾಕ್ಟರಿನ ಚಾಲಕರು ಪಿಕಪ್ ಗಾಡಿ ಅಡ್ಡಾದಿಡ್ಡಿಯಾಗಿ ತಮ್ಮ ಕಡೆ ಬಂತು ಎಂದು ದೂರು ಕೊಟ್ಟಿದ್ದಾರೆ. ಅವರು ಕಂಡದ್ದನ್ನು ಹೇಳಿದ್ದಾರೆ, ಅವರ ಮೇಲೆ ನನ್ನ ತಕರಾರಿಲ್ಲ. ಆದರೆ ಅದರ ಮೇಲಿಂದ ಬೀರದೇವ ಅಜಾಗರೂಕತೆಯಿಂದ ಓಡಿಸಿದರೆಂದು ಪ್ರಕರಣ ದಾಖಲಾಗಿದೆ ಎಂದು ಮರುದಿನ ತಿಳಿಯಿತು.

ಅದೇ ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ಕೆಂಚವ್ವ ನನ್ನ ಪಕ್ಕದಲ್ಲಿ ಬಂದು ಕುಳಿತರು. ಆಮೇಲೆ, ‘ಅಕ್ಕಾರ, ನೀವ ಬಾಜೂಕ ಕುಂತಿದ್ರಿ. ಖರೇ ಹೇಳ್ರಿ. ಅಂವ ಕುಡದಿದ್ದನೇನ್ರಿ?’ ಎಂದು ಕೇಳಿದರು. ಊರಿನಿಂದ ನೋಡಲು ಬಂದವರು ಹಾಗೆ ಹೇಳಿದ್ದರಂತೆ. ಹೆಂಡತಿಯೇ ನನ್ನನ್ನು ಹೀಗೆ ಕೇಳಬೇಕಾಯಿತಲ್ಲ ಎಂದು ನನಗೆ ಹಣೆಯ ನೋವಿಗಿಂತ ಹೆಚ್ಚು ನೋವಾಯಿತು. ‘ಇಲ್ಲ ಕೆಂಚವ್ವ. ಅಂವ ತಿರಗಸಿದ್ದಕ್ಕ ನಾನೂ ಉಳದೇನಿ, ಟ್ರ್ಯಾಕ್ಟರಿನಾಂವನೂ ಉಳದಾನ’ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ದಿನಾಂಕ 05-02-2025ರಂದು ಬೆಳಿಗ್ಗೆ ಅಥಣಿಯ ಗ್ಯಾರೇಜಿನ ವಿಶಾಲ ನನಗೆ ಫೋನು ಮಾಡಿದರು. ರಸ್ತೆಯಿಂದ ಎಳೆಸಿದ ಗಾಡಿಯನ್ನು ಅವರ ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಲಾಗಿತ್ತು. ‘ಅಕ್ಕಾ, ಶೋರೂಮಿನವ್ರು ಕ್ರೇನ್ ತಂದಾರ. ನೀವು ಹೇಳೀರಂತ ಅನ್ನಾಕತ್ತಾರ. ಖರೇ ಏನ್ರಿ?’ ಎಂದರು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ನಾನು ಮತ್ತು ನನ್ನ ಗಂಡ ಮಿರಜದಿಂದ ಬಾಡಿಗೆ ಗಾಡಿಯಲ್ಲಿ ಹೊರಟು 11-30ಕ್ಕೆ ಗ್ಯಾರೇಜು ಮುಟ್ಟಿದೆವು.

ಅಲ್ಲಿ ಸಂಗ್ರಾಮರು, ಕ್ರೇನಿನವರು ಮತ್ತು ಗ್ಯಾಸ್ ಕಟರ್ ಹಿಡಿದ ಒಬ್ಬರು ಇದ್ದರು. ಗಾಡಿ ಎತ್ತಲು ಅನುಕೂಲವಾಗಲೆಂದು ಚಾಸಿಯ ಮುರಿದ ಭಾಗವನ್ನು ಕತ್ತರಿಸಿ ತೆಗೆಯುವುದಾಗಿ ಹೇಳಿದರು. ನಾನು ತಡೆದೆ. ಸಂಗ್ರಾಮರು ನನ್ನನ್ನು ಪಕ್ಕಕ್ಕೆ ಕರೆದು, ಕಂಪನಿಯವರು ದೊಡ್ಡ ಮನಸ್ಸು ಮಾಡಿ ಹೊಸ ಚಾಸಿ ಹಾಕಿ ಕೊಡುತ್ತಾರೆ, ವಾರದಲ್ಲಿ ಗಾಡಿ ಸಿಗುತ್ತದೆ, ಒಂದು ಕಾಗದಕ್ಕೆ ಮಾತ್ರ ಸಹಿ ಮಾಡಿ ಎಂದರು. ಕಾಗದ ಮೊದಲೇ ಟೈಪಾಗಿತ್ತು. ಅಪಘಾತ ಚಾಲಕನ ತಪ್ಪಿನಿಂದ ಆಗಿದೆ, ಗಾಡಿಯಲ್ಲಿ ದೋಷವಿರಲಿಲ್ಲ ಎಂದು ಅದರಲ್ಲಿತ್ತು. ಬರುವುದೇ ಇಲ್ಲ ಎಂದಿದ್ದ ಚಾಸಿ ಈಗ ಎಲ್ಲಿಂದ ಬಂತು ಎಂದು ಕೇಳಿದೆ. ‘ನಾನೂ ನೌಕರಿ ಮಾಡಾಂವ ಅಕ್ಕಾರ. ಮ್ಯಾಲಿಂದ ಹೇಳ್ಯಾರ’ ಎಂದಷ್ಟೇ ಹೇಳಿದರು.

ನನ್ನ ಗಂಡ ನೇಮಿನಾಥ ಕಾಗದವನ್ನು ಎರಡು ಸಲ ಓದಿದರು. ‘ನಾಟಿ ಹಂಗಾಮ ಐತಿ. ಸಸಿ ಬಲತು ಹೊಂಟಾವು. ಗಾಡಿ ಬರತೈತಿ ಅಂದ್ರ ಒಮ್ಮೆ ವಿಚಾರ ಮಾಡ’ ಎಂದರು. ಬೀರದೇವರ ಚಿಕಿತ್ಸೆಯನ್ನು ನಾವೇ ನೋಡಿಕೊಂಡರಾಯಿತು ಎಂದೂ ಹೇಳಿದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನರ್ಸರಿಯಲ್ಲಿ ಸಸಿಗಳ ಬೇರು ಟ್ರೇ ದಾಟಿ ಕೆಳಗೆ ಇಳಿಯುತ್ತಿದ್ದುದು ನನಗೂ ಗೊತ್ತಿತ್ತು.

ನಾನು ಅವರಿಗೆ, ‘ಚಿಕಿತ್ಸಾ ಮಾಡಸಬಹುದು. ಕೋರ್ಟಿನಾಗ ಅಂವನ ಬದಲಿ ನಾವ ನಿಂದರಾಕ ಬರ್ತೈತೇನ?’ ಎಂದು ಕೇಳಿದೆ. ಕಟರ್ ಹಿಡಿದವರು ಆ ಹೊತ್ತಿಗೆ ಉರಿ ಹೊತ್ತಿಸಿದ್ದರು. ನಾನು ಹೋಗಿ ಬಾಗಿಲಿಲ್ಲದ ಕ್ಯಾಬಿನ್ ಹತ್ತಿ ಕುಳಿತೆ. ಸೀಟಿನ ಮೇಲೆ ಒಡೆದ ಗಾಜಿತ್ತು, ಸರಿಸಿ ಕುಳಿತೆ. ಪೊಲೀಸರು ಬಂದು ನೋಡುವವರೆಗೂ ಇಳಿಯುವುದಿಲ್ಲ, ಎತ್ತುವುದಾದರೆ ನನ್ನ ಸಮೇತ ಎತ್ತಿರಿ ಎಂದು ಹೇಳಿದೆ. ಸಂಗ್ರಾಮರು ಫೋನು ಹಿಡಿದು ದೂರ ಹೋಗಿ ಮಾತನಾಡಿದರು. ಕಟರಿನವರು ಉರಿ ಆರಿಸಿ ನೆರಳಿಗೆ ಹೋಗಿ ಕುಳಿತರು.

ಬಿಸಿಲು ಬಹಳ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಗಂಡ ನೀರಿನ ಬಾಟಲಿ ತಂದುಕೊಟ್ಟರು. ಕೊಟ್ಟು ಹೋಗುತ್ತಾರೆ ಎಂದುಕೊಂಡೆ. ಅವರು ಆ ಕಡೆಯಿಂದ ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಸಂಗ್ರಾಮರು ಕೇಳಿದಾಗ, ಕಾಗದಕ್ಕೆ ಸಹಿ ಆಗುವುದಿಲ್ಲ ಎಂದು ಅವರೇ ಹೇಳಿದರು.

ವಿಷಯ ತಿಳಿದು ರಾವಸಾಹೇಬರು ಭೋಜದಿಂದ ತಮ್ಮ ಗಾಡಿಯಲ್ಲಿ ಬಂದರು. ಮಧ್ಯಾಹ್ನ 2-15ಕ್ಕೆ ಬಂದು ಕ್ರೇನಿನ ಮುಂದೆಯೇ ಗಾಡಿ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಸಂಗ್ರಾಮರಿಗೆ, ‘ಇದರ ಚಾಸಿನೂ ಹಂಗ ಐತಿ. ಮುರಿಯೂ ಮೊದಲ ಒಯ್ತೀರೋ, ಮುರದ ಮ್ಯಾಲ ಬರ್ತೀರೋ?’ ಎಂದು ಕೇಳಿದರು. ವಿಶಾಲ ಠಾಣೆಗೆ ಫೋನು ಮಾಡಿದ್ದರಿಂದ 3 ಗಂಟೆಗೆ ಪೊಲೀಸರು ಬಂದರು. ಪಂಚರ ಸಮಕ್ಷಮ ಮುರಿದ ಜಾಗದ ಫೋಟೋ ತೆಗೆದು, ಗಾಡಿಗೆ ಸೀಲು ಹಾಕಿದರು. ಕ್ರೇನು ಬರಿದಾಗಿ ಹೋಯಿತು. ಆಮೇಲೆ ನಾನು ಇಳಿದೆ.

ನಿನ್ನೆ ಬೀರದೇವರಿಗೆ ಶಸ್ತ್ರಚಿಕಿತ್ಸೆ ಆಗಿದೆ. ಮುಂದೆ ನಡೆಯುತ್ತಾರೆ, ಆದರೆ ಸ್ಟೇರಿಂಗ್ ಹಿಡಿಯುವುದು ಯಾವಾಗ ಎಂದು ಹೇಳಲು ಬರುವುದಿಲ್ಲ ಎಂದು ವೈದ್ಯರು ತಿಳಿಸಿದ್ದಾರೆ. ಎಚ್ಚರವಾದ ಮೇಲೆ ಅವರು ನನ್ನನ್ನು, ಸಸಿ ಬೇರೆ ಗಾಡಿಯಲ್ಲಿ ಐಗಳಿಗೆ ಹೋದವೋ ಇಲ್ಲವೋ ಎಂದು ಕೇಳಿದರು. ಹೋದವು ಎಂದೆ. ಹೋಗಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಏನೆಂದರೆ, ಬೀರದೇವರ ಮೇಲೆ ದಾಖಲಾದ ಪ್ರಕರಣದಲ್ಲಿ ನನ್ನ ಈ ಹೇಳಿಕೆಯನ್ನು ಸೇರಿಸಬೇಕು. ಚಾಸಿಯನ್ನು ಸರಕಾರದ ಕಡೆಯ ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಕೊಳೆತ ಚಾಸಿಗೆ ಬಣ್ಣ ಹೊಡೆದು ಓಡಿಸಲು ಹೇಳಿದವರ ಮೇಲೆ, ಸಾಕ್ಷಿ ಕತ್ತರಿಸಲು ಬಂದವರ ಮೇಲೆ ಕಾನೂನು ಕ್ರಮ ಆಗಬೇಕು. ರಾವಸಾಹೇಬ, ಮನೀಷಾ ಮತ್ತು ಅದೇ ಮಾದರಿಯ ಗಾಡಿ ಇರುವ ಉಳಿದವರು ಇವತ್ತೂ ಅದೇ ಗಾಡಿಗಳನ್ನು ಓಡಿಸುತ್ತಿದ್ದಾರೆ. ಅವರಿಗೆ ಬೇರೆ ಗಾಡಿ ಇಲ್ಲ.

ನಾನು ಹೇಳಿದ್ದನ್ನು ಬರೆದ ಮೇಲೆ ನನಗೆ ಪೂರ್ತಿಯಾಗಿ ಓದಿ ಹೇಳಿದರು. ಎರಡು ಕಡೆ ‘ಅಪಘಾತ ಮಾಡಿದ ಚಾಲಕ’ ಎಂದಿತ್ತು. ಆ ಮಾತು ನನ್ನದಲ್ಲ, ಅದನ್ನು ತೆಗೆದು ಬೀರದೇವ ಎಂದು ಹೆಸರು ಬರೆಯಿರಿ ಎಂದೆ. ತಿದ್ದಿದರು. ಈಗ ಇದರಲ್ಲಿರುವ ಮಾತೆಲ್ಲ ನಾನು ಕಂಡದ್ದು ಮತ್ತು ಕೇಳಿದ್ದು. ಯಾರ ಒತ್ತಾಯವೂ ಇಲ್ಲದೆ ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಅಥಣಿ
ದಿನಾಂಕ: 07-02-2025

ಸಹಿ/-
ಸುಗಂಧಾ ನೇಮಿನಾಥ ಶೇಡಬಾಳೆ