ನವಣೆಗುಡ್ಡದ ಬೆಂಕಿ, ಇಪ್ಪತ್ನಾಲ್ಕು ನಿಮಿಷ

ಹೆಸರು ಗೌಸ್ ಪೀರ್ ಬಿನ್ ಲೇಟ್ ಅಜ್ಮತ್, ವಯಸ್ಸು 49 ವರ್ಷ, ಕಸುಬು ಮೋಟಾರು ರೀವೈಂಡಿಂಗ್, ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾಯುವ ದಿನಗೂಲಿ, ವಾಸ ಹಳೇ ಸಂತೆ ಬೀದಿ, ಮಳವಳ್ಳಿ ಟೌನ್. ಈ ದಿನ 11-04-2025 ಶುಕ್ರವಾರ ಮಧ್ಯಾಹ್ನ 12-40 ಗಂಟೆಗೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದು ಏನೆಂದರೆ:

ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮಗಳು ಶಬ್ರೀನಳನ್ನು ಮದ್ದೂರಿಗೆ ಕೊಟ್ಟಿದ್ದೇನೆ. ಮನೆಯಲ್ಲಿ ನಾನೊಬ್ಬನೇ. ಮೂರು ವರ್ಷದಿಂದ ಜನವರಿ ಕೊನೆಗೆ ಅಂಗಡಿ ಮುಚ್ಚಿ, ಮುತ್ತತ್ತಿ ಕಡೆಯ ಕಾಡಿನಲ್ಲಿ ಕೋಡುಬಂಡೆ ಎಂಬ ಗುಡ್ಡದ ಮೇಲಿರುವ ಕಬ್ಬಿಣದ ಕಾವಲು ಗೋಪುರಕ್ಕೆ ಹೋಗಿ, ಮಳೆಗಾಲ ಹಿಡಿಯುವವರೆಗೆ ಅಲ್ಲೇ ಇರುತ್ತೇನೆ. ಒಬ್ಬನೇ ಇರುವುದು ಹೇಗೂ ತಪ್ಪುವುದಿಲ್ಲ, ಅಲ್ಲಾದರೆ ಅದೇ ಕೆಲಸ ಎಂದು ಒಪ್ಪಿಕೊಂಡೆ.

ನನ್ನ ಗೋಪುರದ ಎದುರಿಗಿರುವುದು ನವಣೆಗುಡ್ಡ. ಕಣ್ಣಳತೆಗೆ ಮೂರು ಕಿಲೋಮೀಟರು. ನಡುವಿನ ಹಳ್ಳ ಇಳಿದು ಹತ್ತಿ ನಡೆದರೆ ಏಳು ಕಿಲೋಮೀಟರು, ಎರಡು ಗಂಟೆಯ ದಾರಿ. ಅಲ್ಲಿ ಕಾವಲಿಗಿದ್ದವರು ಎಲಚಿದೊಡ್ಡಿ ಗ್ರಾಮದ ಚಿಕ್ಕಬೋರಯ್ಯನವರು, ಸುಮಾರು 57 ವರ್ಷ. ನಮ್ಮಿಬ್ಬರಿಗೂ ಒಂದೊಂದು ದುರ್ಬೀನು, ಒಂದೊಂದು ವಾಕಿಟಾಕಿ ಸೆಟ್ಟು ಕೊಟ್ಟಿದ್ದಾರೆ. ಬೆಳಿಗ್ಗೆ 9 ರಿಂದ ಸಂಜೆ 6 ರವರೆಗೆ ಗಂಟೆಗೊಮ್ಮೆ ಹೊಗೆ ಇದೆ ಅಥವಾ ಇಲ್ಲ ಎಂದು ಹೇಳುವುದು ನಿಯಮ. ಚಿಕ್ಕಬೋರಯ್ಯನವರು ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಇವತ್ತು ಏನು ಸಾರು ಎಂದು ಕೇಳುತ್ತಿದ್ದರು, ತಮ್ಮದನ್ನು ಹೇಳುತ್ತಿದ್ದರು. ರಂಜಾನ್ ಹಬ್ಬದ ದಿನ ನಾನು ಗೋಪುರದಲ್ಲೇ ಇದ್ದೆ. ಅವತ್ತು ಬೆಳಿಗ್ಗೆ 9 ಗಂಟೆಗೆ ಅವರು ಹೊಗೆಯ ಮಾತು ಬಿಟ್ಟು ಮೊದಲು ಹಬ್ಬದ ಮಾತಾಡಿದರು. ಈ ಸಲದ ಎಪ್ಪತ್ತು ದಿನದಲ್ಲಿ ನಾವು ಎದುರುಬದುರು ಕಂಡದ್ದು ಎರಡೇ ಸಲ. ಅವರು ನನ್ನನ್ನು ಸಾಬ್ರೇ ಎನ್ನುತ್ತಿದ್ದರು, ನಾನು ಬೋರಣ್ಣ ಎನ್ನುತ್ತಿದ್ದೆ.

ದಿನಾಂಕ 08-04-2025 ಮಂಗಳವಾರ ಮಧ್ಯಾಹ್ನ 3 ಗಂಟೆಗೆ ಇಬ್ಬರೂ ಹೊಗೆ ಇಲ್ಲ ಎಂದು ಹೇಳಿಕೊಂಡೆವು. ಹೊಳೆಯ ಕಡೆಯಿಂದ ಮೋಡ ಕಟ್ಟಿ ಬರುತ್ತಿತ್ತು. 3-20 ರಿಂದ ಗುಡುಗು ಶುರುವಾಯಿತು, ಹನಿ ಬೀಳಲಿಲ್ಲ. 3-31 ಕ್ಕೆ ನವಣೆಗುಡ್ಡದ ನನ್ನ ಕಡೆಯ ಇಳಿಜಾರಿನಲ್ಲಿ, ಒಂಟಿಯಾಗಿ ನಿಂತಿದ್ದ ಒಣಗಿದ ದಿಂಡಿಗದ ಮರಕ್ಕೆ ಸಿಡಿಲು ಬಡಿಯಿತು. ಅದನ್ನು ನಾನು ಗೋಪುರದ ಮೇಲೆ ನಿಂತು ಕಣ್ಣಾರೆ ನೋಡಿದ್ದೇನೆ. ಮರ ಮೇಲಿನಿಂದ ಕೆಳಗಿನವರೆಗೆ ಸೀಳಿತು. ಒಂದು ನಿಮಿಷದೊಳಗೆ ಬುಡದ ಹುಲ್ಲಿನಿಂದ ಹೊಗೆ ಎದ್ದಿತು. ಈ ವರ್ಷ ಅಲ್ಲಿನ ಹುಲ್ಲು ಎದೆಯೆತ್ತರ ಬೆಳೆದು ಒಣಗಿತ್ತು. ದುರ್ಬೀನಿನಲ್ಲಿ ನೋಡಿದೆ, ಆ ಮರದ ಹತ್ತಿರ ಆಗ ಯಾವ ಮನುಷ್ಯನೂ ಇರಲಿಲ್ಲ.

3-33 ಕ್ಕೆ ಸೆಟ್ಟಿನಲ್ಲಿ ನವಣೆಗುಡ್ಡದ ಕೆಳಗೆ ಬೆಂಕಿ ಎಂದು ಹೇಳಿದೆ. ಗುಡುಗಿಗೆ ಸೆಟ್ಟು ಕರಕರ ಎನ್ನುತ್ತಿದ್ದುದರಿಂದ ಅರಣ್ಯ ಇಲಾಖೆಯ ಕ್ಯಾಂಪಿನವರಿಗೆ ಬೆಂಕಿ, ನವಣೆಗುಡ್ಡ ಎಂಬ ಎರಡು ಮಾತಷ್ಟೇ ಕೇಳಿಸಿತೆಂದು ಆಮೇಲೆ ತಿಳಿಯಿತು. ಕ್ಯಾಂಪು ಅಲ್ಲಿಂದ ಒಂಬತ್ತು ಕಿಲೋಮೀಟರು. ಬರಲು ಒಂದು ಗಂಟೆಯ ಮೇಲೆ ಬೇಕು ಎಂದರು. ಚಿಕ್ಕಬೋರಯ್ಯನವರಿಗೆ ಗಾಳಿ ನನ್ನ ಕಡೆಗೆ ಬೀಸುತ್ತಿದೆ, ನಿಮ್ಮ ಗುಡ್ಡಕ್ಕೆ ಭಯವಿಲ್ಲ ಎಂದೆ. ಆಗ ಅದು ನಿಜವೇ ಆಗಿತ್ತು. ಅವರ ಉತ್ತರ ನನಗೆ ಅಕ್ಷರಶಃ ನೆನಪಿರುವುದರಿಂದ ಹಾಗೆಯೇ ಬರೆಸುತ್ತಿದ್ದೇನೆ.

“ಕೆಂಪರಾಜು ಆಡು ಬುಟ್ಕಂಡು ಕೆಳಗೆ ಅಳ್ಳದಲ್ಲವ್ನೆ ಸಾಬ್ರೇ. ನಾನು ಇಳ್ದು ಕರ್ಕಂಡು ಬತ್ತೀನಿ. ನೀವು ಮೇಲಿಂದ ನೋಡ್ತಾ ಇರಿ, ಬೆಂಕಿ ತಿರುಗುದ್ರೆ ಏಳಿ.”

ಕೆಂಪರಾಜು ಎಂಬವನು ಅದೇ ಎಲಚಿದೊಡ್ಡಿಯವನು, ಸುಮಾರು 26 ವರ್ಷ, ಆಡು ಮೇಯಿಸುವವನು. ಕಾಡಿನೊಳಗೆ ಮೇಯಿಸುವಂತಿಲ್ಲ. ಚಿಕ್ಕಬೋರಯ್ಯನವರು ಅವನನ್ನು ಎರಡು ಸಲ ಬೈದು ಕಳಿಸಿದ್ದು ನನಗೆ ಗೊತ್ತು. ನೋಡ್ತಾ ಇರ್ತೀನಿ, ಹೋಗ್ಬನ್ನಿ ಬೋರಣ್ಣ ಎಂದು ನಾನು ಹೇಳಿದೆ. ಆಗ ಸಮಯ 3-36.

3-38 ಕ್ಕೆ ನನ್ನ ಗೋಪುರದಿಂದ ಸುಮಾರು ನೂರು ಅಡಿ ದೂರದ ಬಂಡೆಗೆ ಇನ್ನೊಂದು ಸಿಡಿಲು ಬಿತ್ತು. ಕೈಕೂದಲು ನಿಮಿರಿತು. ಹಿಡಿದಿದ್ದ ಕಂಬಿ ಜುಮ್ಮೆಂದಿತು. ನಾನು ಏಣಿ ಇಳಿದು ಓಡಿ, ನಲವತ್ತು ಹೆಜ್ಜೆ ಕೆಳಗಿರುವ ಬಂಡೆಯ ಸಂದಿಗೆ ನುಗ್ಗಿದೆ. ಸಿಡಿಲಿನ ಹೊತ್ತಲ್ಲಿ ಗೋಪುರದಿಂದ ಇಳಿಯಬೇಕೆಂದು ನಮಗೆ ಹೇಳಿಕೊಟ್ಟಿದ್ದಾರೆ. ಸೆಟ್ಟು ಆಫ್ ಮಾಡಿ ಎಂದು ಯಾರೂ ಹೇಳಿಕೊಟ್ಟಿಲ್ಲ. ಸೆಟ್ಟು ಸಿಡಿಲನ್ನು ಎಳೆಯುತ್ತದೆಂದು ಯಾರೋ ಹೇಳಿದ್ದ ಮಾತು ತಲೆಗೆ ಬಂದು, ಅದನ್ನು ನಾನೇ ಆಫ್ ಮಾಡಿದೆ. ಇಪ್ಪತ್ತೆಂಟು ವರ್ಷ ಕರೆಂಟಿನ ಜೊತೆ ಕೆಲಸ ಮಾಡಿದವನು ನಾನು. ಅದು ಸುಳ್ಳೆಂದು ನನಗೆ ಗೊತ್ತಾಗಬೇಕಿತ್ತು. ಸೆಟ್ಟನ್ನು ಚೀಲದೊಳಗಿಟ್ಟು, ಚೀಲದ ಮೇಲೆ ಕೂತು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಸಂದಿಯಿಂದ ನವಣೆಗುಡ್ಡ ಕಾಣುವುದಿಲ್ಲ. ಅಲ್ಲಾಹನ ಹೆಸರು ಹೇಳುತ್ತಿದ್ದೆ. ಚಿಕ್ಕಬೋರಯ್ಯನವರ ನೆನಪು ಬರಲಿಲ್ಲ. ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಗುಡುಗು ದೂರ ಹೋದ ಮೇಲೆ, 4-02 ಕ್ಕೆ, ಗೋಪುರ ಹತ್ತಿ ಸೆಟ್ಟು ಆನ್ ಮಾಡಿದೆ. ಒಟ್ಟು ಇಪ್ಪತ್ನಾಲ್ಕು ನಿಮಿಷ. ಅಷ್ಟರಲ್ಲಿ ಗಾಳಿ ಪೂರ್ತಿ ತಿರುಗಿ, ಬೆಂಕಿ ನವಣೆಗುಡ್ಡದ ಮೇಲಕ್ಕೆ ಹತ್ತುತ್ತಿತ್ತು. ಮೂರು ಸಲ ಬೋರಣ್ಣ ಎಂದು ಕೂಗಿದೆ. 4-05 ಕ್ಕೆ ಅವರ ಸೆಟ್ಟಿನಲ್ಲಿ ಬೇರೆ ದನಿ ಬಂತು. ಅದು ಕೆಂಪರಾಜು. ದೊಡ್ಡಪ್ಪನಿಗೆ (ಚಿಕ್ಕಬೋರಯ್ಯನವರಿಗೆ) ಬೆಂಕಿ ತಗುಲಿದೆ, ಹೊತ್ತುಕೊಂಡಿದ್ದೇನೆ, ಹೊಗೆಯಲ್ಲಿ ಏನೂ ಕಾಣುತ್ತಿಲ್ಲ, ಯಾವ ಕಡೆ ಹೋಗಲಿ ಎಂದು ಕೇಳಿದ. ಹಳ್ಳದ ಮರಳು ಹಿಡಿದು ಬಡಗಲಿಗೆ ಹೋಗು, ಅಲ್ಲಿ ಹುಲ್ಲಿಲ್ಲ ಎಂದೆ. ಅವನು ಕಾಣಿಸುತ್ತಿರಲಿಲ್ಲ. ಅವನ ಹಿಂದೆ ಸಾಲಾಗಿ ಹೋಗುತ್ತಿದ್ದ ಆಡುಗಳು ಹೊಗೆಯ ಸಂದಿನಲ್ಲಿ ದುರ್ಬೀನಿಗೆ ಬಿಳಿಚುಕ್ಕಿಯಾಗಿ ಕಾಣುತ್ತಿದ್ದವು. ಅವನ್ನು ನೋಡಿಕೊಂಡು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಾ ಹೋದೆ. 5-10 ಕ್ಕೆ ಕ್ಯಾಂಪಿನವರು ಅವನಿಗೆ ಎದುರಾದರು.

5-25 ಕ್ಕೆ ಮಳೆ ಬಂತು. ಹತ್ತು ನಿಮಿಷ ಜೋರಾಗಿ ಬಂದು ಬೆಂಕಿಯನ್ನು ಮುಕ್ಕಾಲು ಆರಿಸಿತು.

ನಾನು ಗೋಪುರ ಬಿಟ್ಟು ಹಳ್ಳ ದಾಟಿ ನಡೆದು, 7-20 ಕ್ಕೆ ಜೀಪ್ ರಸ್ತೆ ಮುಟ್ಟಿದೆ. ಜೀಪು ಆಗಲೇ ಹೋಗಿತ್ತು, ಅಲ್ಲಿ ಯಾರೂ ಇರಲಿಲ್ಲ. ದಾರಿಯಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಹೇಳಲು ಯಾರೂ ಇಲ್ಲದ್ದರಿಂದ ಮೋರಿಯ ಮೇಲೆ ಕೂತೆ. ಚಿಕ್ಕಬೋರಯ್ಯನವರು ಮಂಡ್ಯದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ 7-15 ಕ್ಕೆ ತೀರಿಕೊಂಡರೆಂದು ನನಗೆ ಮಾರನೆಯ ದಿನ ಗೊತ್ತಾಯಿತು.

ದಿನಾಂಕ 09-04-2025 ಬೆಳಿಗ್ಗೆ 8-30 ಕ್ಕೆ ಕ್ಯಾಂಪಿಗೆ ಹೋದೆ. ಕೆಂಪರಾಜುವನ್ನು ಅಲ್ಲಿ ಕೂರಿಸಿಕೊಂಡಿದ್ದರು. ಅವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಅವನ ಜೇಬಿನಲ್ಲಿ ಬೀಡಿ, ಬೆಂಕಿಪೊಟ್ಟಣ ಸಿಕ್ಕಿದ್ದರಿಂದ, ಹೊಸ ಹುಲ್ಲು ಚಿಗುರಲೆಂದು ಅವನೇ ಬೆಂಕಿ ಇಟ್ಟಿದ್ದಾನೆ ಎನ್ನುತ್ತಿದ್ದರು. ನನ್ನ ಎದುರಿಗೆ ಅವನು ಹೇಳಿದ್ದೇನೆಂದರೆ, ಚಿಕ್ಕಬೋರಯ್ಯನವರು ಹಳ್ಳಕ್ಕೆ ಇಳಿದು ಅವನನ್ನು ಕಂಡರು. ಅಷ್ಟರಲ್ಲಿ ಸುತ್ತ ಹೊಗೆ ಕವಿಯಿತು. ಬೆಂಕಿ ಯಾವ ಕಡೆಗಿದೆ ಎಂದು ಸೆಟ್ಟಿನಲ್ಲಿ ನನ್ನನ್ನು ಆರು ಸಲ ಕೇಳಿದರು. ಉತ್ತರ ಬರಲಿಲ್ಲ. ಸಾಬ್ರು ಹಂಗೆಲ್ಲ ಸುಮ್ನಿರೋರಲ್ಲ, ಅವರಿಗೇ ಏನೋ ಆಗಿದೆ ಎಂದರು. ಹತ್ತು ನಿಮಿಷ ಕಾದು, ಮೇಲೆ ಹತ್ತಿ ನಾನೇ ನೋಡುತ್ತೇನೆ, ನೀನು ಮರಳಿನಲ್ಲೇ ಇರು ಎಂದು ಹೇಳಿ ಗುಡ್ಡ ಹತ್ತಿದರು. ಗಾಳಿ ತಿರುಗಿ ಮೇಲೇರುತ್ತಿದ್ದ ಬೆಂಕಿ ಅವರನ್ನು ಸುತ್ತಿಕೊಂಡಿತು. ಕೂಗು ಕೇಳಿ ಇವನು ಹತ್ತಿ, ತನ್ನ ಕಂಬಳಿ ಹೊದಿಸಿ ಉರಿ ಆರಿಸಿ, ಹೆಗಲ ಮೇಲೆ ಹೊತ್ತು ತಂದ.

ಕ್ಯಾಂಪಿನವರು ಇವನ ಮಾತು ನಂಬಲಿಲ್ಲ. ಸೆಟ್ಟು ಯಾಕೆ ಮೌನವಾಗಿತ್ತು, ಬೆಂಕಿ ಹೇಗೆ ಹತ್ತಿತು ಎಂದು ನನ್ನನ್ನು ಕೇಳಿದರು. ಬ್ಯಾಟರಿ ಸಡಿಲವಾಗಿ ಸೆಟ್ಟು ನಿಂತುಹೋಗಿತ್ತು, ಆಮೇಲೆ ಸರಿಮಾಡಿಕೊಂಡೆ, ಬೆಂಕಿ ಹತ್ತಿದ್ದನ್ನು ನೋಡಲಿಲ್ಲ, ಹೊಗೆ ಎದ್ದ ಮೇಲೆ ನೋಡಿದ್ದು ಎಂದೆ. ನಾನು ಮೋಟಾರು ರಿಪೇರಿಯವನಾದ್ದರಿಂದ ಬ್ಯಾಟರಿಯ ಮಾತನ್ನು ನಂಬಿದರು. ಆ ಎರಡೂ ಮಾತು ಸುಳ್ಳು. ಸಿಡಿಲು ನೋಡಿದೆ ಎಂದರೆ ಆಮೇಲೆ ಏನು ನೋಡಿದೆ ಎಂದು ಕೇಳುತ್ತಾರೆಂಬ ಹೆದರಿಕೆಗೆ ಹಾಗೆ ಹೇಳಿದೆ.

ಆಗ ಕೆಂಪರಾಜು ನನ್ನನ್ನು ನೋಡಿ, “ದಾರಿ ಏಳಿದ್ದು ನೀವೇ ಅಲ್ವಾ ಅಣ್ಣ, ನೀವಾದ್ರೂ ಏಳಿ” ಎಂದ. ನಾನು ಟೀ ಲೋಟ ಕೆಳಗಿಟ್ಟು ಆಚೆ ಬಂದೆ. ಆ ದಿನ ಮಧ್ಯಾಹ್ನ ಅವನನ್ನು ಠಾಣೆಗೆ ಒಪ್ಪಿಸಿದರು.

ಮಾರನೆಯ ದಿನ ಪೂರ್ತಿ ಮಳವಳ್ಳಿಯ ಮನೆಯಲ್ಲಿದ್ದೆ. ಶಬ್ರೀನ್ ಎರಡು ಸಲ ಫೋನು ಮಾಡಿದಳು. ಎತ್ತಲಿಲ್ಲ.

ಇಂದು ಬೆಳಿಗ್ಗೆ ಚಿಕ್ಕಬೋರಯ್ಯನವರ ಸಮಾಧಿಗೆ ಹಾಲು ತುಪ್ಪ ಬಿಡುವ ಶಾಸ್ತ್ರಕ್ಕೆಂದು ಎಲಚಿದೊಡ್ಡಿಗೆ ಹೋದೆ. ಆ ಮನೆಗೆ ನಾನು ಹೋದದ್ದು ಅದೇ ಮೊದಲು. ಚಿಕ್ಕಬೋರಯ್ಯನವರ ಹೆಂಡತಿ ದೇವಿರಮ್ಮನವರಿಗೆ ಹೆಸರು ಹೇಳುತ್ತಿದ್ದಂತೆ ಗುರುತು ಸಿಕ್ಕಿತು. ಅವರ ಗಂಡ ಫೋನು ಮಾಡಿದಾಗಲೆಲ್ಲ ಎದುರು ಗುಡ್ಡದಲ್ಲಿ ಸಾಬ್ರು ಇದ್ದಾರೆ, ನನಗೇನೂ ಬೇಜಾರಿಲ್ಲ ಎನ್ನುತ್ತಿದ್ದರಂತೆ. ಕೊನೆಯಲ್ಲಿ ನಿಮ್ಮ ಹತ್ತಿರ ಏನು ಮಾತಾಡಿದರು ಎಂದು ಕೇಳಿದರು. ಮೇಲೆ ಬರೆಸಿರುವುದನ್ನೆಲ್ಲ ಅವರಿಗೆ ಹೇಳಿದೆ. ಇಪ್ಪತ್ನಾಲ್ಕು ನಿಮಿಷ ಎಂಬುದನ್ನೂ ಹೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ. ಹೇಳಿದ್ದು ಇಷ್ಟು:

“ನಂಗೇಳಿ ಏನಾಯ್ತದೆ ಸಾಬ್ರೇ. ಓದೋರು ಓದ್ರು. ಆ ಐದ ನಮ್ಮನೆಯವ್ರನ್ನ ಎಗಲ ಮೇಲೆ ಒತ್ಕಂಡು ಬಂದವ್ನೆ, ಅವನ್ನ ಒಳಗಾಕವ್ರೆ. ಮೊದ್ಲು ಅಲ್ಲೋಗಿ ಏಳಿ.”

ಊಟಕ್ಕೆ ಎಲೆ ಹಾಕುತ್ತಿದ್ದರು. ನಾನು ಕೂರಲಿಲ್ಲ. ಕೂರಿ ಎಂದು ಅವರೂ ಹೇಳಲಿಲ್ಲ. 11-15 ರ ಬಸ್ಸು ಹತ್ತಿ ನೇರ ಇಲ್ಲಿಗೆ ಬಂದೆ.

ಆದ್ದರಿಂದ ನವಣೆಗುಡ್ಡಕ್ಕೆ ಬೆಂಕಿ ಹತ್ತಿದ್ದು ಸಿಡಿಲಿನಿಂದ. ಕೆಂಪರಾಜುವಿನಿಂದ ಅಲ್ಲ. ಅವನನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಮೇಲೆ ಕ್ರಮ ಇದ್ದರೆ ಅದಕ್ಕೆ ತಕರಾರು ಇಲ್ಲ.

ಬರೆದುಕೊಂಡವರು ಇದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಸಿಡಿಲಿನ ಮಾತೊಂದೇ ಸಾಕು, ಕೆಂಪರಾಜುವನ್ನು ಬಿಡಲು ಅಷ್ಟು ನಡೆಯುತ್ತದೆ, ಸೆಟ್ಟು ಆಫ್ ಮಾಡಿದ್ದನ್ನು ಹೊಡೆದುಹಾಕಲೇ ಎಂದು ಕೇಳಿದರು. ಬೇಡ, ಇರಲಿ ಎಂದಿದ್ದೇನೆ. ಬರೆದಿರುವುದೆಲ್ಲ ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಮಳವಳ್ಳಿ
ದಿನಾಂಕ: 11-04-2025, ಮಧ್ಯಾಹ್ನ 2-25 ಗಂಟೆ

(ಸಹಿ) ಗೌಸ್ ಪೀರ್