ನಲವತ್ತನೇ ಬಾಗಿಲು

...ಇಲ್ಲಕ್ಕಾ, ಮೊನ್ನೆ ಬಾಗಿಲಿಗೆ ನಂಬರ್ ಬರೆಯೋಕೆ ಬಂದಾಗ ನಿನ್ನ ಮನೆಗೆ ಬೀಗ ಇತ್ತು. ಮೂರು ಸಲ ತಟ್ಟಿದೆ, ನೀನು ಇಸ್ತ್ರಿ ಬಟ್ಟೆ ಗಂಟು ಹೊತ್ಕೊಂಡು ಮನೆಮನೆಗೆ ಕೊಡೋಕೆ ಹೋಗಿದ್ದೆ. ಕಚೇರಿಯವನು ಬೀಗ ಹಾಕಿದ ಮನೆಗೆ ನಂಬರ್ ಇಲ್ಲ ಅಂದುಬಿಟ್ಟ. ನಾನೇನು ಮಾಡ್ಲಿ ಹೇಳು.

ಯಾಕೆ ನಗ್ತೀಯಾ? ...ಹೂಂ, ಬೀಗ ಇದ್ದ ಬಾಗಿಲು ಯಾರಾದ್ರೂ ತಟ್ತಾರಾ ಅಂತ. ಗಾಬರೀಲಿ ತಟ್ಟಿದೆ ಕಣಕ್ಕಾ, ಮನುಷ್ಯಳಲ್ವಾ ನಾನು.

ಆ ಗಂಟಿನ ಅಡೀಲಿರೋ ನನ್ನ ಅಂಗಿ ಮೊದಲು ಮಾಡಿಕೊಡು. ಮಗಳು ಒಗೆದು ನಿನ್ನೆ ಕಳಿಸಿದಳಂತೆ, ಯಾವುದು ಕಳಿಸಿದಳೋ ನಾನು ನೋಡಿಲ್ಲ. ಮಧ್ಯಾಹ್ನ ಹೊಸ ಕಟ್ಟಡದ ಬೀಗದ ಕೈ ಹಂಚೋಕೆ ದೊಡ್ಡ ಸಾಹೇಬರು ಬರ್ತಾರೆ. ಒಬ್ಬೊಬ್ಬರ ಹೆಸರೂ ನಾನೇ ಕೂಗಬೇಕಂತೆ. ಇವಳು ಇಲ್ದಿದ್ರೆ ಈ ಓಣಿ ಉದ್ಧಾರ ಆಗ್ತಿರಲಿಲ್ಲ ಅಂತ ಭಾಷಣ ಬೇರೆ ಮಾಡ್ತಾರಂತೆ.

ನಾನೊಬ್ಬಳೇ ಮಾಡಿದ್ನಾ? ನಲ್ಲಿ ತರಿಸೋಕೆ ಎರಡು ವರ್ಷ ಆ ಕಚೇರಿ ಮೆಟ್ಟಿಲು ಸವೆಸಿದ್ದು ನಾವಿಬ್ಬರು. ನಾನು ಬಾಯಿ ಮಾಡೋದು, ನೀನು ಪಕ್ಕದಲ್ಲಿ ಸುಮ್ಮನೆ ಕೂರೋದು. ಆ ಗುಮಾಸ್ತ ನನ್ನ ಬಾಯಿಗೆ ಜಗ್ಗಲಿಲ್ಲ, ನೀನು ನೋಡೋ ನೋಟಕ್ಕೆ ಹೆದರಿ ಸಹಿ ಹಾಕಿದ. ಆಮೇಲೆ ಹೆಂಗಸರಿಗೆ ಹೊಲಿಗೆ ಕಲಿಸೋಕೆ ಶುರು ಮಾಡಿದಾಗ, ಹಳೇ ಬಟ್ಟೆ ಕೇಳಿ ತಂದುಕೊಟ್ಟೋಳು ನೀನೇ. ಹೆಸರು ಮಾತ್ರ ಈ ದರ್ಜಿಗೆ ಬಂತು. ಅದಕ್ಕೇ ತಾನೇ ಮನೆ ಎಣಿಸೋ, ನಂಬರ್ ಬರೆಯೋ ಕೆಲಸಾನೂ ನನ್ನ ಕೈಗೇ ಕೊಟ್ಟಿದ್ದು. ಹೋದ ವರ್ಷ ನಲವತ್ತು ಬಾಗಿಲು ಅಂದೆ, ಅವರೂ ನಲವತ್ತೇ ಕೋಣೆ ಕಟ್ಟಿದ್ರು. ಬಾಗಿಲಿಗೊಂದು ಕೋಣೆ. ನಂಬರ್ ಇಲ್ಲದ ಮನೇನ... ಗೊತ್ತು, ನಾಳೆ ಕೆಡವ್ತಾರೆ. ಕೋಣೆ ಕೊಡದೇ ಕೆಡವ್ತಾರೆ. ಅದಕ್ಕೇ ಓಡಿ ಬಂದೆ.

ಬಾಗಿಲ ಮೇಲೆ ಅಂಗೈ ಅಗಲ ಬಣ್ಣ ಹೋಗಿರೋದಾ? ಮಕ್ಕಳು ಕೆರೆದಿರ್ತವೆ. ಇಡೀ ಓಣೀಲಿ ನಿನ್ನದೊಂದೇ ಹಸಿರು ಬಾಗಿಲು, ಅವುಗಳ ಕೈ ಸುಮ್ನಿರುತ್ತಾ? ನಂಬರ್ ಬರೆಯೋರು ಬರ್ತಾರೆ ಅಂತ ಮದುವೆ ಮನೆ ಥರ ಬಳಿದಿದ್ದೆ, ಪಾಪ. ನಾನಂತೂ ಅದಕ್ಕೆ ಕುಂಚ ಮುಟ್ಟಿಸೇ ಇಲ್ಲ.

ಬೇರೆಯವರದ್ದಾ? ಹೋಟೆಲಲ್ಲಿ ಪಾತ್ರೆ ತೊಳೆಯೋಳು, ಮೂಟೆ ಹೊರೋನು... ಅವರು ಕೆಲಸಕ್ಕೆ ಹೋಗಿದ್ರು, ಬೀಗ ಇತ್ತು, ನಾನೇ ಹೇಳಿ ಅವರ ಹೆಸರು ಬರೆಸಿದೆ... ಅಲ್ಲ, ಅದು ಬೇರೆ. ಆಗ ಅವನು ಒಪ್ಪಿದ. ನಿನ್ನ ಮನೆ ಹತ್ರ ಬರೋ ಹೊತ್ತಿಗೆ ಬಿಸಿಲು ಏರಿ ಅವನ ತಲೆ ಕೆಟ್ಟಿತ್ತು. ಹಾಗೆ ನೋಡಬೇಡಕ್ಕಾ.

ನನ್ನ ಜೊತೆ ಬಂದು ಇರು. ಒಂದು ಮೂಲೆಗೆ ನನ್ನ ಮಿಷನ್, ಇನ್ನೊಂದು ಮೂಲೆಗೆ ನಿನ್ನ ಇಸ್ತ್ರಿ ಮೇಜು. ಮಗಳು ಎಲ್ಲಿರ್ತಾಳಾ? ಅವಳಿಗೆ ಬೇರೆ ಕೋಣೆ ಬಂತಲ್ಲ... ಅದೇ, ಹೋದ ತಿಂಗಳು ಗಂಡನ ಮನೆ ಬಿಟ್ಟು ಕೂಸು ಎತ್ಕೊಂಡು ಬಂದಳಲ್ಲ, ಊದಿದ ಮುಖಕ್ಕೆ ನೀನೇ ಬಟ್ಟೆ ಬಿಸಿ ಮಾಡಿ ಶಾಖ ಕೊಟ್ಟೆ. ನನ್ನ ಮನೆಗೆ ತಗಡು ಅಡ್ಡ ಕಟ್ಟಿ ಅವಳಿಗೊಂದು ಬಾಗಿಲು ಇಟ್ಟೆ, ಅಷ್ಟೆ. ನಲವತ್ತೊಂದಾಗುತ್ತಾ? ಆಗ್ಲಿ ಬಿಡು... ಏನೋ ಒಂದು...

ಯಾಕೆ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟೆ? ಅಂಗಿ ತೋಳಲ್ಲೇನು? ನೀಲಿ ಬಣ್ಣ ತಾನೇ. ಊರಿಗೆಲ್ಲ ನಂಬರ್ ಬರೆದೋಳ ತೋಳಿಗೆ ನೀಲಿ ಮೆತ್ತಿಕೊಳ್ಳದೆ ಇರುತ್ತಾ?

...ಹೂಂ. ಹಸಿರೂ ಇದೆ.

ಬೈಯಿ ಅಕ್ಕಾ. ಬಾಯಿ ಬಿಡು.

ಬರೆದಿದ್ದೆ. ನಿನ್ನ ಬಾಗಿಲ ಮೇಲೆ ನಲವತ್ತು ಅಂತ ಈ ಕೈಯಲ್ಲೇ ಬರೆದಿದ್ದೆ. ಕಚೇರಿಯವನಿನ್ನೂ ಪಕ್ಕದ ಮನೇಲಿ ಹೆಸರು ಬರ್ಕೊಳ್ತಿದ್ದ. ಅಷ್ಟರಲ್ಲಿ ಎದುರಿಗೆ ನನ್ನ ಮನೇಲಿ ಕೂಸು ಅತ್ತಿತು. ಕೈಯಲ್ಲಿ ಕುಂಚ ತೊಳೆಯೋ ಸೀಮೆಎಣ್ಣೆ ಡಬ್ಬಿ ಇತ್ತು, ಬಟ್ಟೆ ಇರಲಿಲ್ಲ, ತೋಳಲ್ಲೇ ಒರೆಸಿಬಿಟ್ಟೆ. ಹಸಿರೂ ಎದ್ದು ಬಂತು. ಅವನು ಬಂದು ಕೇಳಿದ, ಇಲ್ಲಿ ಯಾರೂ ಇಲ್ಲ ಅಂದೆ. ಅದೇ ನಲವತ್ತನ್ನ ಹೋಗಿ ಮಗಳ ಬಾಗಿಲಿಗೆ ಬರೆದೆ.

ನನ್ನ ಬಾಗಿಲನ್ನೇ ಯಾಕೆ ಒರೆಸಿದೆ ಅಂತ ಕೇಳಲ್ವಾ? ಬೇರೆ ಯಾರದ್ದು ಒರೆಸಿದ್ರೂ ಓಣೀನ ಕೂಡಿಸಿ ನನ್ನ ಮಾನ ಹರಾಜು ಹಾಕ್ತಿದ್ರು. ನೀನು ಬಾಯಿ ಬಿಡಲ್ಲ ಅಂತ ಗೊತ್ತಿತ್ತು. ಅದೊಂದೇ ಕಾರಣ ಅಕ್ಕಾ, ಇನ್ನೇನಿಲ್ಲ.

ಏನ್ ಮಾಡ್ತಿದೀಯ... ಯಾಕೆ ಮತ್ತೆ ಪೆಟ್ಟಿಗೆ ಎತ್ಕೊಂಡೆ? ಬಿಡು, ಇಸ್ತ್ರಿ ಬೇಡ. ಆ ತೋಳನ್ನ ಕಲೆ ಕಾಣದ ಹಾಗೆ ಒಳಗೆ ಮಡಚಬೇಡ, ನಿನ್ನ ಕಾಲಿಗೆ ಬೀಳ್ತೀನಿ... ನನ್ನ ಕೈಗೆ ಕೊಡಬೇಡ ಅದನ್ನ.

ಹೊರಗೆ ಕರೀತಿದ್ದಾರೆ. ಮೂವತ್ತೊಂಬತ್ತು ಹೆಸರು ಕೂಗ್ತೀನಿ. ಆಮೇಲೆ ಯಾರ ಹೆಸರು ಕೂಗ್ಲಿ ಅಕ್ಕಾ? ನೀನೇ ಹೇಳು. ಒಂದು ಮಾತು ಹೇಳು.