ದೀಪ ಹಚ್ಚಿದ ಕೈ

ಬದಲಾಪುರದಲ್ಲಿ ಸೂಜಿ ಬಿದ್ದರೆ ಡೊಂಬಿವಲಿಯಲ್ಲಿ ಕೇಳಿಸುವಂಥ ಕಿವಿ ಲತೀಶನದು. ಅಂದು ಮುಂಬಯಿ ಹೊರವಲಯದ ಆ ಡೊಂಬಿವಲಿಯಲ್ಲಿ ರಿಕ್ಷಾ ಕ್ಯೂ ಪಕ್ಕದೂರು ಕಲ್ಯಾಣದವರೆಗೆ ಬೆಳೆದಿತ್ತು. ಅವನ ಮುಂದೆಯೇ ಕನ್ನಡ ಸಂಘದ ಅಧ್ಯಕ್ಷ ಜಯಶೀಲರೂ ಅವರ ಹೆಂಡತಿ ಉಮಾವತಿಯೂ ನಿಂತಿದ್ದರು, ಕಾಲ ಬಳಿ ತರಕಾರಿಯ ಮೂರು ಚೀಲ.

“ಸಂಘದ ವೆಬ್‌ಸೈಟ್ ನೋಡಿದೆ ಮಾರಾಯ್ರೆ. ದೀಪ ಹಚ್ಚುವ ಫೋಟೋದಲ್ಲಿ ನಾನೇ ಇಲ್ಲ,” ಎಂದರು ಉಮಾವತಿ.

“ಒಂದು ಫೋಟೋದಲ್ಲಿ ಒಂದೇ ಮುಖ ಇರ್ಬೇಕು ಅಂತ ಕಮಿಟಿಯ ನಿಯಮ. ಹಾಗೆ ಕಟ್ ಮಾಡಿದ್ದು.”

“ದೀಪ ಹಚ್ಚಿದ್ದು ನಾನಲ್ವಾ?”

“ಹೌದು. ನನ್ನ ಒಂದು ಕೈಯಲ್ಲಿ ಮೈಕ್ ಇತ್ತು, ಇನ್ನೊಂದರಲ್ಲಿ ತೆಂಗಿನಕಾಯಿ.”

“ಮತ್ತೆ ನಿಮ್ಮ ಪಕ್ಕ ಆ ಬಳೆ ಹಾಕಿದ ಕೈ?”

“ಅದನ್ನೂ ಕಟ್ ಮಾಡಿದ್ರೆ ದೀಪ ಹೋಗ್ತಿತ್ತು ಮಾರಾಯ್ತಿ.”

“ಕಣ್ಣು ಕಾಣದವರಿಗೆ ಅಂತ ಕೆಳಗೆ ವಿವರ ಬೇರೆ.”

“ಅದೂ ನಿಯಮವೇ. ‘ಅಧ್ಯಕ್ಷರು ದೀಪ ಬೆಳಗುತ್ತಿದ್ದಾರೆ’ ಅಂತ ಬರ್ಸಿದ್ದೇನೆ.”

“ಕಣ್ಣು ಕಾಣದವರಿಗೂ ಸುಳ್ಳು ಹೇಳುದಾ?”

“ಬದಲಿಸ್ಲಿಕ್ಕೆ ಮೀಟಿಂಗ್ ಕರೀಬೇಕಾಗ್ತದೆ.”

ರಿಕ್ಷಾ ಬಂತು. ಉಮಾವತಿ ಬರಿಗೈಯಲ್ಲಿ ಹತ್ತಿ ಕುಳಿತರು.

“ಚೀಲ?”

“ನಿಮಗೆ ಮೂರು ಕೈ ಉಂಟಲ್ಲ, ನೀವೇ ತನ್ನಿ.”

ಜಯಶೀಲರು ಎರಡನ್ನು ಕೈಯಲ್ಲಿ ಎತ್ತಿಕೊಂಡರು. ಮೂರನೆಯದನ್ನು ಹಲ್ಲಲ್ಲಿ ಕಚ್ಚಿ ರಿಕ್ಷಾ ಹತ್ತಿದರೆಂದು ಲತೀಶ ಇವತ್ತಿಗೂ ಆಣೆಯಿಟ್ಟು ಹೇಳುತ್ತಾನೆ.